ದಮ್ಮು ಮುಗಿದ ಪೈಲ್ವಾನ: 1997ರ ಆ 21 ನಿಮಿಷ

ಮೇಲೆ ಕೂತವನು ಗೆದ್ದ, ಕೆಳಗೆ ಬಿದ್ದವನು ಸೋತ. ಕುಸ್ತಿ ನೋಡಿ ಬೆಳೆದ ಯಾರನ್ನು ಕೇಳಿದರೂ ಇದೇ ಮಾತು. ಬೆನ್ನು ಮಣ್ಣಿಗೆ ತಾಗಿತೋ, ಆಟ ಮುಗಿಯಿತು. 1997ರಲ್ಲಿ ಅಮೆರಿಕದವರೂ ಹೆಚ್ಚುಕಡಿಮೆ ಹೀಗೇ ನಂಬಿದ್ದರು.

ನಾನು ಹೇಳುತ್ತಿರುವುದು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಬಗ್ಗೆ. ಈಗ ನಿಮ್ಮ ಫೋನಿನಲ್ಲಿ ದಿನಕ್ಕೆ ಹತ್ತು ರೀಲ್ಸ್ ಬರುತ್ತವಲ್ಲ, ಬಲೆಯ ಅಂಕಣದೊಳಗೆ ಇಬ್ಬರು ಗುದ್ದಾಡುವುದು, ಅದೇ. ಗುದ್ದು, ಒದೆತ, ಕುಸ್ತಿ, ಕುತ್ತಿಗೆ ಹಿಚುಕುವ ಪಟ್ಟು ಎಲ್ಲವೂ ಸೇರಿದ ಆಟ. ಇದರ ದೊಡ್ಡ ಕೂಟವಾದ ಯುಎಫ್‌ಸಿ ಶುರುವಾದದ್ದು 1993ರ ನವೆಂಬರ್‌ನಲ್ಲಿ, ಡೆನ್ವರ್ ನಗರದಲ್ಲಿ. ಯಾವ ವಿದ್ಯೆ ದೊಡ್ಡದು ಎಂದು ನೋಡುವುದು ಆಗಿನ ಉದ್ದೇಶ. ಬ್ರೆಜಿಲ್‌ನ ತೆಳ್ಳಗಿನ ಹುಡುಗ ರಾಯ್ಸ್ ಗ್ರೇಸಿ ಎಲ್ಲರನ್ನೂ ನೆಲಕ್ಕೆ ಎಳೆದು ಪಟ್ಟು ಹಾಕಿ ಗೆದ್ದ. ಗುದ್ದುವವರು, ಒದೆಯುವವರು ಬೆಪ್ಪಾಗಿ ನಿಂತರು.

ಅವನ ಹಿಂದೆ ಬಂದವರು ಅಮೆರಿಕದ ಕುಸ್ತಿಪಟುಗಳು. ಅವರಲ್ಲಿ ಎಲ್ಲರಿಗಿಂತ ಭಯ ಹುಟ್ಟಿಸಿದವನು ಓಹಿಯೋದ ಮಾರ್ಕ್ ಕೋಲ್ಮನ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕುಸ್ತಿ ಆಡಿದವನು. ತೂಕ 110 ಕೆ.ಜಿ. ಆಸುಪಾಸು. ಅವನ ಲೆಕ್ಕ ಸರಳ: ಕಾಲಿಗೆ ಕೈ ಹಾಕಿ ಕೆಡವು, ಮೇಲೆ ಕೂತು ಮುಖಕ್ಕೆ ಬಡಿ. ತಲೆಯಿಂದ ಗುದ್ದುವುದಕ್ಕೂ ಆಗ ಅಡ್ಡಿಯಿರಲಿಲ್ಲ. ಒಬ್ಬನನ್ನು 45 ಸೆಕೆಂಡಿನಲ್ಲಿ ಮುಗಿಸಿದ. 1996ರ ಒಂದು ಟೂರ್ನಿಯಲ್ಲಂತೂ ಫೈನಲ್‌ನಲ್ಲಿ ಅವನಿಗೆ ಎದುರಾಳಿಯೇ ಉಳಿಯಲಿಲ್ಲ. ಬರಬೇಕಾದವನು ಹಿಂದಿನ ಪಂದ್ಯದಲ್ಲೇ ಸುಸ್ತಾಗಿ ಕೂತಿದ್ದ! ಈ ಸಂಗತಿ ನೆನಪಿರಲಿ, ಕೊನೆಗೆ ಬೇಕಾಗುತ್ತದೆ. 1997ರ ಫೆಬ್ರವರಿಯಲ್ಲಿ ಕೋಲ್ಮನ್ ಯುಎಫ್‌ಸಿಯ ಮೊದಲ ಹೆವಿವೇಟ್ ಚಾಂಪಿಯನ್ ಆದ.

ಅವನ ಮುಂದೆ ನಿಲ್ಲಿಸಿದ್ದು ಸಿಯಾಟಲ್‌ನ ಮಾರಿಸ್ ಸ್ಮಿತ್‌ನನ್ನು. ವಯಸ್ಸು 35, ತೂಕದಲ್ಲಿ ಹತ್ತು ಕೆ.ಜಿ.ಗೂ ಹೆಚ್ಚು ಕಡಿಮೆ. ಕಿಕ್‌ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು ನಿಜ, ಆದರೆ ಜಪಾನಿನ ಪ್ಯಾಂಕ್ರೇಸ್ ಕೂಟದಲ್ಲಿ ನೆಲದ ಪಟ್ಟಿಗೆ ಸಿಕ್ಕಿ ಹಲವು ಸಲ ಸೋತಿದ್ದ. ಇವನು ಬಲಿಗೆ ಬಂದ ಕುರಿ ಎಂದೇ ಜನ ಲೆಕ್ಕ ಹಾಕಿದರು.

ಜನ ನೋಡದೇ ಬಿಟ್ಟದ್ದು ಅವನ ತಾಲೀಮನ್ನು. ಸ್ಮಿತ್ ತನ್ನ ಜೊತೆ ಇಬ್ಬರನ್ನು ಕೂಡಿಸಿಕೊಂಡಿದ್ದ: ಫ್ರಾಂಕ್ ಶ್ಯಾಮ್‌ರಾಕ್ ಮತ್ತು ಜಪಾನಿನ ತ್ಸುಯೋಶಿ ಕೊಸಾಕ. ಅವರು ಇವನಿಗೆ ನೆಲದ ವರಸೆ ಕಲಿಸಿದರು, ಇವನು ಅವರಿಗೆ ಒದೆತ ಮತ್ತು ದಮ್ಮು ಕಾಯ್ದುಕೊಳ್ಳುವುದನ್ನು ಕಲಿಸಿದ. ನೆಲದ ವಿದ್ಯೆಯಿಂದ ಗೆಲ್ಲುವುದು ಸ್ಮಿತ್‌ನ ಗುರಿಯಲ್ಲ. ಕೆಳಗೆ ಬಿದ್ದರೂ ಸಾಯದೆ ಉಳಿದರೆ ಸಾಕಿತ್ತು.

ಜುಲೈ 27, ಅಲಬಾಮಾದ ಬರ್ಮಿಂಗ್‌ಹ್ಯಾಮ್. ಪಂದ್ಯಕ್ಕೆ ಮುಂಚೆ ಸ್ಮಿತ್ ಕೋಲ್ಮನ್‌ನ ಗುದ್ದಿನಲ್ಲಿ ಬಲವಿಲ್ಲ ಎಂದು ಚುಡಾಯಿಸಿದ್ದ. ಕೋಪ ಬಂದವನು ಬೇಗ ಉಸಿರು ಖರ್ಚು ಮಾಡುತ್ತಾನೆ. ಬೇಕಂತಲೇ ಹೇಳಿದ ಮಾತು ಅಂತ ನನಗನ್ನಿಸುತ್ತದೆ.

ಗಂಟೆ ಬಾರಿಸುತ್ತಲೇ ಕೋಲ್ಮನ್ ಅವನನ್ನು ಕೆಡವಿ ಮೇಲೆ ಬಿದ್ದ. ಸ್ಮಿತ್ ಗಾಬರಿಯಾಗಲಿಲ್ಲ. ಎರಡೂ ಕಾಲನ್ನು ಕೋಲ್ಮನ್‌ನ ಸೊಂಟಕ್ಕೆ ಸುತ್ತಿದ, ಅವನ ತಲೆಯನ್ನು ಎದೆಗೆ ಎಳೆದು ಹಿಡಿದ, ಸಂದು ಸಿಕ್ಕಾಗ ಮೊಣಕೈಯಿಂದ ತಲೆಗೆ ಕೊಟ್ಟ. ವಿಡಿಯೊದಲ್ಲಿ ಈ ಭಾಗವನ್ನು ಓಡಿಸಿಬಿಡಬೇಕು ಅನ್ನಿಸುತ್ತದೆ, ಏನೂ ನಡೆಯದ ಹಾಗೆ ಕಾಣುತ್ತದೆ. ಆದರೆ ಪಂದ್ಯ ತೀರ್ಮಾನವಾಗುತ್ತಿದ್ದದ್ದು ಅಲ್ಲೇ.

ಅದು ಹೇಗೆ? ತುಂಬಿದ ಮೂಟೆಯನ್ನು ಅಪ್ಪಿ ಹಿಡಿದು ಅಲ್ಲಾಡದೆ ನಿಂತು ನೋಡಿ. ಎರಡು ನಿಮಿಷಕ್ಕೆ ತೋಳು ನಡುಗುತ್ತದೆ. ಬಿಗಿ ಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳವನ್ನೇ ಹಿಚುಕುತ್ತದೆ, ಬೇಕಾದಷ್ಟು ರಕ್ತ ಒಳಗೆ ಬರುವುದಿಲ್ಲ. ಮೈ ದೊಡ್ಡದಾದಷ್ಟೂ ಆಮ್ಲಜನಕದ ಬೇಡಿಕೆಯೂ ದೊಡ್ಡದು. ಮೇಲಿದ್ದ ಕೋಲ್ಮನ್ ಒತ್ತುತ್ತಿದ್ದ, ಬಿಗಿಯುತ್ತಿದ್ದ, ಬಡಿಯುತ್ತಿದ್ದ. ಕೆಳಗಿದ್ದ ಸ್ಮಿತ್‌ನ ಬೆನ್ನಿಗೆ ನೆಲದ ಆಸರೆಯಿತ್ತು. ಅವನು ಉಸಿರಾಡುತ್ತಿದ್ದ.

ಸ್ಮಿತ್ ಕೊನೆಗೂ ಎದ್ದು ನಿಂತಾಗ ಕೋಲ್ಮನ್ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ಆಮೇಲೆ ಶುರುವಾದದ್ದು ತೊಡೆಗೆ ಒದೆತ. ಕಿಕ್‌ಬಾಕ್ಸರ್ ಒದೆಯುವುದು ಪಾದದಿಂದಲ್ಲ, ಮೊಣಕಾಲ ಕೆಳಗಿನ ಮುಂಗಾಲಿನ ಮೂಳೆಯಿಂದ. ತೊಡೆಯ ಹೊರಬದಿಗೆ ಅದು ನಾಲ್ಕು ಸಲ ಬಿದ್ದರೆ ಕಾಲು ಮರಗಟ್ಟುತ್ತದೆ. ಕುಸ್ತಿಯವನು ಮುನ್ನುಗ್ಗಿ ಹಿಡಿಯುವುದೇ ಆ ಕಾಲಿನ ಬಲದಿಂದ. ದಮ್ಮೂ ಹೋಯಿತು, ಕಾಲೂ ಹೋಯಿತು. 15 ನಿಮಿಷ ಮುಗಿದು ತಲಾ 3 ನಿಮಿಷದ ಎರಡು ಹೆಚ್ಚುವರಿ ಸುತ್ತು ನಡೆದವು. ಒಟ್ಟು 21 ನಿಮಿಷ. ಸ್ಮಿತ್‌ಗೆ ಅವನನ್ನು ಬೀಳಿಸಲು ಆಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ತೀರ್ಪುಗಾರರು ಒಮ್ಮತದಿಂದ ಅವನ ಕೈ ಎತ್ತಿದರು.

ಹಾಗಂತ ಕಿಕ್‌ಬಾಕ್ಸರ್‌ಗಳ ಕಾಲ ಬಂತು ಅಂದುಕೊಳ್ಳಬೇಡಿ. ಅದೇ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸ್ಮಿತ್ ಪಟ್ಟ ಕಳೆದುಕೊಂಡ. ಗೆದ್ದವನು ರ‍್ಯಾಂಡಿ ಕೂಚರ್, ಅವನೂ ಕುಸ್ತಿಯವನೇ. ಅಲ್ಲೂ ಪೂರ್ತಿ 21 ನಿಮಿಷ. ಕೋಲ್ಮನ್ ಹಾಗೆ ಮೊದಲೇ ಎಲ್ಲ ಸುರಿಯದೆ, ಕೊನೆಯವರೆಗೂ ಉಸಿರು ಉಳಿಸಿಕೊಂಡು ಆಡಿದ. ಕೋಲ್ಮನ್ ಮಾತ್ರ ಬೇಗ ಬದಲಾಗಲಿಲ್ಲ. 1998ರ ಮೇ ತಿಂಗಳಲ್ಲಿ ಪೀಟ್ ವಿಲಿಯಮ್ಸ್ ಎದುರು ಮತ್ತೆ ದಮ್ಮು ಮುಗಿಯಿತು. ಮೊಣಕಾಲ ಮೇಲೆ ಕೈಯೂರಿ ನಿಂತ. 12 ನಿಮಿಷ 38ನೇ ಸೆಕೆಂಡಿಗೆ ಮುಖಕ್ಕೆ ಒದೆತ ಬಿತ್ತು, ಮಲಗಿದ.

ಸ್ಮಿತ್‌ನ ತಾಲೀಮು ಫಲ ಕೊಟ್ಟದ್ದು ಅವನ ಗೆಳೆಯನಿಗೆ. 1999ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್ ಶ್ಯಾಮ್‌ರಾಕ್ ತನಗಿಂತ ದೊಡ್ಡ ಮೈಯ ಕುಸ್ತಿಪಟು ಟಿಟೊ ಓರ್ಟಿಜ್‌ನ ಕೆಳಗೆ ಸುತ್ತು ಸುತ್ತು ಕಳೆದ. ನಾಲ್ಕನೇ ಸುತ್ತು ಮುಗಿಯಲು 18 ಸೆಕೆಂಡು ಇರುವಾಗ ಸೋಲೊಪ್ಪಿ ಕೈ ತಟ್ಟಿದ್ದು ಓರ್ಟಿಜ್. ಅಷ್ಟು ಹೊತ್ತಿಗೆ ಅವನಲ್ಲಿ ಏಟು ತಡೆಯುವ ತ್ರಾಣವೂ ಇರಲಿಲ್ಲ.

ಇನ್ನು ಕೋಲ್ಮನ್. 2000ದ ಮೇ 1, ಟೋಕಿಯೊ ಡೋಮ್. ಪ್ರೈಡ್ ಗ್ರ್ಯಾಂಡ್ ಪ್ರಿ ಟೂರ್ನಿ, ಗೆಲ್ಲಬೇಕಾದರೆ ಒಂದೇ ರಾತ್ರಿ ಮೂರು ಪಂದ್ಯ. ಒಂದು ಕಡೆಯಲ್ಲಿ ಕಝುಶಿ ಸಕುರಾಬಾ, ಅದೇ ರಾಯ್ಸ್ ಗ್ರೇಸಿಯ ಜೊತೆ 90 ನಿಮಿಷ ಹೋರಾಡಿ, ಕಾಲಿಗೆ ಒದ್ದು ಒದ್ದು ಅವನನ್ನು ನಿಲ್ಲಲಾರದ ಹಾಗೆ ಮಾಡಿ ಗೆದ್ದ. ಬಳಿಕ ಉಕ್ರೇನಿನ ಇಗೊರ್ ವೊವ್‌ಚಾಂಚಿನ್ ಎದುರು ಇನ್ನೂ 15 ನಿಮಿಷ ನಿಂತ. ಮುಂದೆ ಆಗಲಿಲ್ಲ, ಅವನ ಕಡೆಯವರು ಟವೆಲ್ ಎಸೆದರು. ಇನ್ನೊಂದು ಕಡೆಯಲ್ಲಿ ಕೋಲ್ಮನ್‌ನ ಸೆಮಿಫೈನಲ್ ಎದುರಾಳಿ ಕಝುಯುಕಿ ಫುಜಿತಾ ಹಿಂದಿನ ಪಂದ್ಯದಲ್ಲೇ ಪೆಟ್ಟು ತಿಂದು ಬಂದಿದ್ದ. ಗಂಟೆ ಬಾರಿಸಿತು, ಟವೆಲ್ ಒಳಗೆ ಬಿತ್ತು. ಅಧಿಕೃತ ದಾಖಲೆಯಲ್ಲಿ ಆ ಪಂದ್ಯದ ಹೊತ್ತು 2 ಸೆಕೆಂಡು.

ಹಾಗೆ ಬಿಟ್ಟಿ ಸಿಕ್ಕ ಉಸಿರಿನೊಂದಿಗೆ ಕೋಲ್ಮನ್ ಫೈನಲ್‌ಗೆ ಹೋದ. ಎರಡನೇ ಸುತ್ತಿನಲ್ಲಿ ವೊವ್‌ಚಾಂಚಿನ್‌ನನ್ನು ನೆಲಕ್ಕೆ ಒತ್ತಿ, ತಲೆಗೆ ಮೊಣಕಾಲಿನಿಂದ ಹೊಡೆದು ಪಟ್ಟ ಗೆದ್ದ. ಈ ಸಲ ದಮ್ಮು ಉಳಿದಿದ್ದದ್ದು ಅವನಲ್ಲೇ.