ಮೋತಿ ತಲಾಬಿನಿಂದ ಮೇಲುಕೋಟೆಗೆ

ಮೈಸೂರಿನಿಂದ ಬೆಳಿಗ್ಗೆ ಹೊರಟ ಯಾತ್ರಿಕರಿಗೆ ಮಾರ್ಗದರ್ಶಕರು ಮೊದಲು ತೊಣ್ಣೂರಿನ ಕೆರೆಯನ್ನು ತೋರಿಸಿ, ಬಳಿಕ ಮೇಲುಕೋಟೆಗೆ ಕರೆದೊಯ್ಯುವುದುಂಟು. ಗುಡ್ಡಗಳ ನಡುವಣ ಆ ತಿಳಿನೀರಿಗೆ 1746ರಲ್ಲಿ ನಾಸಿರ್ ಜಂಗನು ಮೋತಿ ತಲಾಬೆಂದು ಹೆಸರಿಟ್ಟುದನ್ನೂ, ರಾಮಾನುಜಾಚಾರ್ಯರ ಕಥೆಯನ್ನೂ ಅವರು ತಪ್ಪದೆ ಹೇಳುವರು. ಈ ಎರಡು ಸ್ಥಳಗಳಿಗೂ ಒಂದೇ ದುಃಖವನ್ನು ತಂದ 1771ನೆಯ ಇಸವಿಯ ಮಾತೆತ್ತುವವರು ವಿರಳ.

ಆ ವರ್ಷ ಮಾರ್ಚಿ ತಿಂಗಳಲ್ಲಿ, ಕೆರೆಗೆ ಸಮೀಪವಾದ ಚಿನಕುರಳಿಯಲ್ಲಿ ಹೈದರಾಲಿಯ ಸೈನ್ಯವು ಮರಾಠರಿಂದ ಪೂರ್ಣವಾಗಿ ಪರಾಜಿತವಾಯಿತು. ಹೈದರನು ಶ್ರೀರಂಗಪಟ್ಟಣವನ್ನು ಸೇರಿಕೊಂಡನು. ಮೇಲುಕೋಟೆಯ ಬ್ರಾಹ್ಮಣರು ಊರು ತೊರೆದು ಕಾಡು ಹೊಕ್ಕರು. ಮರಾಠರ ದಂಡೊಂದು ಬಂದು ಊರನ್ನು ಸುಲಿಯಿತು. ಅಷ್ಟಕ್ಕೇ ತೃಪ್ತಿಯಾಗದೆ, ಒಳಗಿನ ಕಬ್ಬಿಣದ ಆಸೆಯಿಂದ ಮರದ ಮಹಾರಥಗಳಿಗೇ ಕಿಚ್ಚಿಟ್ಟಿತು. ಉರಿ ಹಬ್ಬಿ ಕೆಲವು ದೇವಾಲಯಗಳೂ ಸುಟ್ಟುಹೋದುವು. ಆ ದಂಡಿನಲ್ಲಿ ಪಂಢರಪುರದ ವಿಠಲನಿಗೆ ಹರಕೆ ಹೊತ್ತವರೂ ಇದ್ದಿರಬೇಕು!