ವೈನ್ ಕೋಡ್ ಒಯ್ದವರು ವಾಪಸ್ ಏನು ಕೊಟ್ಟರು?

ಗಜೇಂದ್ರಗಡದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು: "ಅಣ್ಣಾ, ರೊಕ್ಕ ಕೊಟ್ಟು ತಗೊಂಡ ವಿಂಡೋಸ್ ಗೇಮ್ ಲಿನಕ್ಸ್ ಲ್ಯಾಪ್‌ಟಾಪ್‌ದಾಗ ಆಡಾಕತ್ತೇನಿ. ಇದು ಪೈರಸಿ ಏನು?"

ಲಿನಕ್ಸ್‌ನಲ್ಲಿ ಓಡಿಸಿದ ಮಾತ್ರಕ್ಕೆ ಪೈರಸಿ ಆಗಲ್ಲ. ಆದರೆ ಅದನ್ನು ಓಡಿಸುವ ಪ್ರೋಟಾನ್ ಹಿಂದೆ ಒಂದು ಹಳೇ ಜಗಳ ಐತಿ.

ಪ್ರೋಟಾನ್‌ನ ಮೂಲ 1993ರಲ್ಲಿ ಶುರುವಾದ ವೈನ್. ಗೇಮ್ ವಿಂಡೋಸ್‌ಗೆ ಕೇಳುವ ಕೆಲಸವನ್ನು ಇದು ಲಿನಕ್ಸ್‌ಗೆ ಅರ್ಥವಾಗುವಂತೆ ಹೇಳುತ್ತದೆ. ಮೈಕ್ರೋಸಾಫ್ಟ್‌ನ ಕೋಡ್ ನಕಲು ಮಾಡಿದ್ದಲ್ಲ. ನಿಮ್ಮೂರಿನ ಪಟ್ಟೇದ ಅಂಚಿನ ಸೀರೆ ಉದಾಹರಣೆ ತಗೊಳ್ರಿ: ಅದನ್ನು ನೋಡಿ ನಮ್ಮ ಮಗ್ಗದಲ್ಲಿ ನಾವೇ ಹೊಸದು ನೇಯೋದು ಒಂದು; ಇನ್ನೊಬ್ಬರ ಸೀರೆ ಅಂಚು ಕತ್ತರಿಸಿ ನಮ್ಮದಕ್ಕೆ ಹೊಲಿಯೋದು ಇನ್ನೊಂದು. ವೈನ್ ಮೊದಲನೇ ಥರದ್ದು.

ಆದರೆ ವೈನ್‌ನ ಅಂಚನ್ನು ಯಾರು ಬೇಕಾದರೂ ಕತ್ತರಿಸಬಹುದಿತ್ತು. ಆಗಿನ ಲೈಸೆನ್ಸ್ ಹಾಗಿತ್ತು: ಒಯ್ಯಿರಿ, ಬದಲಿಸಿರಿ, ಮಾರಿರಿ, ಬದಲಿಸಿದ್ದನ್ನು ತೋರಿಸಬೇಕಿಲ್ಲ. ಕೆನಡಾದ ಟ್ರಾನ್ಸ್‌ಗೇಮಿಂಗ್ ಕಂಪನಿ ಅದನ್ನೇ ಮಾಡಿತು. ವೈನ್ ತಗೊಂಡು, ಗೇಮ್‌ಗಳಿಗೆ ಬೇಕಾದ ಡೈರೆಕ್ಟ್‌ಎಕ್ಸ್ ಕೆಲಸ ಸೇರಿಸಿ, ವೈನ್‌ಎಕ್ಸ್ ಅಂತ ಚಂದಾಕ್ಕೆ ಮಾರಿತು. ಸೇರಿಸಿದ್ದರಲ್ಲಿ ಬಹಳಷ್ಟು ಮೂಲ ಯೋಜನೆಗೆ ವಾಪಸ್ ಬರಲಿಲ್ಲ. ಬಿಕಾಂ ಭಾಷೆಯಲ್ಲಿ, ಬಂಡವಾಳ ಎಲ್ಲರದು, ಲಾಭ ಒಬ್ಬರದು. ಮೋಸ ಅನ್ನಲಾರೆ, ಲೈಸೆನ್ಸೇ ಬಾಗಿಲು ತೆಗೆದಿಟ್ಟಿತ್ತು.

ಬೇಸತ್ತ ವೈನ್ ತಂಡ 2002ರ ಮಾರ್ಚ್‌ನಲ್ಲಿ ಎಲ್‌ಜಿಪಿಎಲ್ ಲೈಸೆನ್ಸ್‌ಗೆ ಬಂತು. ಇನ್ನು ಮೇಲೆ ವೈನ್ ಬದಲಿಸಿ ಹಂಚಿದರೆ, ಆ ಬದಲಾವಣೆಯ ಕೋಡ್ ಕೊಡಲೇಬೇಕು. ಅದರ ಮೇಲೆ ಓಡುವ ಗೇಮ್ ಮಾತ್ರ ತನ್ನ ಗುಟ್ಟು ಇಟ್ಟುಕೊಳ್ಳಬಹುದು. ಟ್ರಾನ್ಸ್‌ಗೇಮಿಂಗ್ ಹಳೇ ಕೋಡ್ ಹಿಡಿದು, 2004ರಲ್ಲಿ ಸೆಡೆಗಾ ಅಂತ ಹೆಸರು ಬದಲಿಸಿ, 2011ರಲ್ಲಿ ಆ ಸೇವೆ ನಿಲ್ಲಿಸಿತು. ವಾಲ್ವ್ 2018ರಲ್ಲಿ ಪ್ರೋಟಾನ್ ತಂದಾಗ, ಅದರೊಳಗಿನ ವೈನ್ ಬದಲಾವಣೆಗಳ ಕೋಡ್ ಎಲ್ಲರಿಗೂ ಸಿಕ್ಕಿತು. ವಾಲ್ವ್ ಉದಾರಿ ಇರಬಹುದು, ಆದರೆ ಲೈಸೆನ್ಸೂ ಹಿಡಿದಿತ್ತು.

ಹಾಗಂತ ಷರತ್ತಿಲ್ಲದೆ ಕೊಟ್ಟದ್ದೆಲ್ಲ ಕಳೆದುಹೋಗುತ್ತದೆ ಅಂತಲ್ಲ. ರೋಣ, ನರಗುಂದದ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಅವರು ಅದಕ್ಕೆ ಹಣ ಕೇಳಲಿಲ್ಲ. ಕನ್ನಡ ಗಣಕ ಪರಿಷತ್ತು, ಅಂದರೆ ಕಗಪ, ಅದನ್ನು ಸ್ವಲ್ಪ ಬದಲಿಸಿ ನುಡಿಯಲ್ಲಿ ಬಳಸಿತು. ಈಗ ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ದಾಗ ಕೀಬೋರ್ಡ್ ಪಟ್ಟಿ ತೆಗೆದು, ಕನ್ನಡ ಬಿಟ್ಟು ಹಿಂದಿ ನೋಡ್ರಿ, ಮರಾಠಿ ನೋಡ್ರಿ. ಅಲ್ಲೂ 'ಕಗಪ' ಅಂತ ಇರ್ತದ.