ಗಂಧವಿಲ್ಲದ ಬತ್ತಿ

ಮೈಸೂರಿನ ನಮ್ಮ ಕೇರಿಯಲ್ಲಿ ಅವ್ವ ಊದುಬತ್ತಿ ಹೊಸೆಯುತ್ತಿದ್ದಳು. ಇದ್ದಿಲ ಪುಡಿ, ಜಿಗಟು, ನೀರು, ಬಿದಿರಿನ ಕಡ್ಡಿ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಅಂಗೈ ಸದಾ ಕಪ್ಪು. ಆ ಬತ್ತಿಗೆ ವಾಸನೆಯೇ ಇರಲಿಲ್ಲ. ಗಂಧದಲ್ಲಿ ಅದ್ದುವ ಕೆಲಸ ಕಾರ್ಖಾನೆಯಲ್ಲಿ, ಸಾವುಕಾರನ ಕಣ್ಣೆದುರು. 'ಆ ಗಂಧದ ಲೆಕ್ಕಾನ ನಮಗ್ಯಾಕೆ ಹೇಳ್ತಾರೆ ಮಗ' ಅನ್ನುತ್ತಿದ್ದಳು. ಬತ್ತಿ ಗರ್ಭಗುಡಿ ಹೊಕ್ಕಿತು. ಹೊಸೆದವಳು ಹೊರಗೇ ಉಳಿದಳು.

ಸುಗಂಧದ ಚರಿತ್ರೆ ಬರೆದವರು ಅರಮನೆಯಿಂದ ಶುರು ಮಾಡುತ್ತಾರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ರಾಜಭೋಗಗಳ ಪಟ್ಟಿಯಲ್ಲಿ ಧೂಪಕ್ಕೂ ಜಾಗ ಕೊಟ್ಟಿದೆ. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ಅರಸೊತ್ತಿಗೆಯ ಮರವೆಂದು ಸಾರಿದ. ಒಡೆಯರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ ಅದು ಸರ್ಕಾರದ ಸೊತ್ತಾಗಿಯೇ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಕೊರಡು ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸರ್ಕಾರವೇ ಗಂಧದೆಣ್ಣೆ ಇಳಿಸತೊಡಗಿತು. ಹೊಲದ ಗಂಧ ಹೊಲದವನದು ಎಂದು ಕಾಯ್ದೆ ಬದಲಾದದ್ದು 2001ರಲ್ಲಿ. ಹೊಲವೇ ಇಲ್ಲದವರಿಗೆ ಅದರಿಂದ ಏನು ಬಂತು?

ಇನ್ನು ಮಡಿಯ ಮಾತು. ನನ್ನಜ್ಜ ತೊಗಲು ಹದ ಮಾಡುತ್ತಿದ್ದ. ತಂಗಡಿ ತೊಗಟೆಯ ನೀರಲ್ಲಿ ನೆನೆದ ಆ ತೊಗಲಿನ ನಾತಕ್ಕೆ ಊರು ಮೂಗು ಮುಚ್ಚಿಕೊಂಡಿತು. ಆದರೆ ಕಸ್ತೂರಿ ಬರುವುದು ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಗ್ರಂಥಿಯಿಂದ. ಪುನುಗು ಬರುವುದು ಬೆಕ್ಕಿನ ಗುದದ ಬಳಿಯ ಗ್ರಂಥಿಯಿಂದ. ಹಸಿ ಪುನುಗು ನಾರುತ್ತದೆ, ಚೂರೇ ಚೂರು ಬೆರೆಸಿದರೆ ಪರಿಮಳ. ತಿರುಮಲೆಯ ದೇವರ ಮೈಗೆ ಹಚ್ಚುವ ತೈಲವೂ ಇದರದ್ದೇ. ಹಾಗಾದರೆ ಮೈಲಿಗೆ ಇರುವುದು ಪ್ರಾಣಿಯ ಮೈಯಲ್ಲೋ, ಮುಟ್ಟಿದವನ ಜಾತಿಯಲ್ಲೋ? ಜಿಗಟೂ ತೊಗಟೆ, ತಂಗಡಿಯೂ ತೊಗಟೆ. ಒಂದನ್ನು ಕಲಸಿದ ಅವ್ವನ ಬತ್ತಿ ದೇವರಿಗಾಯಿತು. ಇನ್ನೊಂದನ್ನು ಕಲಸಿದ ಅಜ್ಜನ ಕೈ ಊರಬಾವಿಗೆ ಆಗಲಿಲ್ಲ. ಅವ್ವನ ಕೈಯೂ ಆಗಲಿಲ್ಲ. ಆದದ್ದು ದುಡಿಮೆ ಮಾತ್ರ.

ನಮಗೂ ಧೂಪವಿತ್ತು. ಮಂಟೇಸ್ವಾಮಿಯ ಕಂಡಾಯದ ಮುಂದೆ ಕೆಂಡಕ್ಕೆ ಸಾಂಬ್ರಾಣಿ ಎರಚಿದರೆ, ನೀಲಗಾರರ ತಂಬೂರಿಯ ಜೊತೆಗೆ ಹೊಗೆ ಇಡೀ ಕೇರಿಗೆ ಹಬ್ಬುತ್ತಿತ್ತು. ಆ ಹೊಗೆ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ.

ನಮ್ಮ ವಿಮರ್ಶಕರು ಕಾವ್ಯದಲ್ಲಿ ಪರಿಮಳ ಹುಡುಕುತ್ತಾರೆ. ಹುಡುಕಲಿ. ಬತ್ತಿ ಹೊಸೆದವರು ಯಾರು, ಅವರ ಪಾಲಿಗೆ ಬಂದ ವಾಸನೆ ಯಾವುದು ಎಂದು ಕೇಳದ ವಿಮರ್ಶೆಗೆ ಮೂಗಿದೆ, ಕೈಯಿಲ್ಲ. ಅವ್ವನ ಅಂಗೈಯ ಇದ್ದಿಲ ಕಪ್ಪು ಕೊನೇವರೆಗೂ ಪೂರಾ ಹೋಗಲಿಲ್ಲ. ನನ್ನ ಓದು ಶುರುವಾಗುವುದು ಅಲ್ಲಿಂದ.